ಮೆಷಿನ್ನಿನ ಬಾಯಿ ಕಟ್ಟಿದ್ದು ನಾನು

ಪಾಲಮ್ಮನ ಹುಣಸೆಮರದಲ್ಲಿದ್ದ ಮೂರನೆಯ ಮೊಳೆ ಮೆಟಲ್ ಡಿಟೆಕ್ಟರಿಗೆ ಕೇಳಿಸದಂತೆ ಮಾಡಿದವನು ನಾನು. ಆ ದಿನ ಬೆಳಿಗ್ಗೆ ಅದರ ಸೆನ್ಸಿಟಿವಿಟಿ ಗುಂಡಿಯನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿದೆ. ಓಬಳೇಶನ ಕಣ್ಣು ಹೋದ ಮೇಲೆ, ಯಾರೂ ನನ್ನ ಕಡೆ ನೋಡದಿದ್ದಾಗ, ಮತ್ತೆ ಎಂಟಕ್ಕೆ ಏರಿಸಿದೆ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಾನು ಚಳ್ಳಕೆರೆಯ ಅಂಚಿನಲ್ಲಿರುವ ಒಂದು ಸಾಮಿಲ್ಲಿನಲ್ಲಿ ಮರ ನೋಡುವ ಕೆಲಸದವನು. ಮರ ನೋಡುವುದು ಎಂದರೆ, ದಿಮ್ಮಿ ಗರಗಸಕ್ಕೆ ಹೋಗುವ ಮೊದಲು ಅದರೊಳಗೆ ಕಬ್ಬಿಣ ಇದೆಯೇ ಎಂದು ಹುಡುಕುವುದು. ರಸ್ತೆ ಬದಿಯ ಮರಗಳಲ್ಲಿ ಬೋರ್ಡು ಹೊಡೆದ ಮೊಳೆಗಳಿರುತ್ತವೆ, ಹೊಲದ ಮರಗಳಲ್ಲಿ ಬೇಲಿಯ ತಂತಿ. ಕೆಲವು ಹುಣಸೆಮರಗಳಲ್ಲಿ ದೆವ್ವ ಬಿಡಿಸುವಾಗ ಹೊಡೆದ ಮೊಳೆ. ಮೈಮೇಲೆ ಬಂದವರ ಕೂದಲಿನ ಒಂದು ಕುಚ್ಚನ್ನು ಮರಕ್ಕೆ ಒತ್ತಿ ಹಿಡಿದು ಮೊಳೆ ಹೊಡೆದರೆ, ಬಂದದ್ದು ಆ ಮರದಲ್ಲೇ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಮರ ಬೆಳೆಯುತ್ತದೆ. ಮೊಳೆಯ ಎತ್ತರ ಬದಲಾಗುವುದಿಲ್ಲ, ಆಳ ಬದಲಾಗುತ್ತದೆ. ವರ್ಷ ಕಳೆದಂತೆ ತೊಗಟೆಯ ಮೇಲೆ ಗುರುತೂ ಉಳಿಯುವುದಿಲ್ಲ.

ಮೆಷಿನ್ನಿನ ವಿಷಯ ಹೇಳಬೇಕು. ಅದನ್ನು ಹೇಳದೆ ನನ್ನ ತಪ್ಪು ಎಷ್ಟು ಸಣ್ಣ ಚಲನೆಯಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಗುಂಡಿ ಏರಿಸಿದಷ್ಟೂ ಅದಕ್ಕೆ ಆಳ ಕೇಳಿಸುತ್ತದೆ. ಏರಿಸಿದಷ್ಟೂ ಬೇಡದ್ದೂ ಕೇಳಿಸುತ್ತದೆ — ಮೋಟಾರಿನ ಕರೆಂಟು, ತಲೆಯ ಮೇಲಿನ ತಂತಿ, ನಮ್ಮ ಕೆಂಪು ಗರಸು ನೆಲದೊಳಗಿನ ಕಬ್ಬಿಣ. ಸರಿಯಾದ ಕ್ರಮ ನನಗೆ ಗೊತ್ತಿತ್ತು. ದಿಮ್ಮಿಯನ್ನು ನೆಲದಿಂದ ಎತ್ತಿ ಅಡ್ಡಮರಗಳ ಮೇಲಿಡಬೇಕು. ಮೋಟಾರು ನಿಲ್ಲಿಸಬೇಕು. ಡಿಟೆಕ್ಟರಿನ ತಟ್ಟೆಯನ್ನು ನೆಲದ ಮೇಲೆ ಎತ್ತಿ ಇಳಿಸಿ, ನೆಲದ ಸದ್ದು ಸಾಯುವ ತನಕ ಅದಕ್ಕಿರುವ ಬೇರೆ ಗುಂಡಿಯನ್ನು ಹೊಂದಿಸಬೇಕು. ಆಮೇಲೆ ಸೆನ್ಸಿಟಿವಿಟಿಯನ್ನು ಮೆಷಿನ್ ಗೊಣಗುವ ತನಕ ಏರಿಸಿ, ಗೊಣಗು ನಿಲ್ಲುವಷ್ಟು ಮಾತ್ರ, ಕಾಳಿನಷ್ಟು, ಹಿಂದಕ್ಕೆ ತರಬೇಕು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ನಿಧಾನವಾಗಿ ಆಡಿಸಬೇಕು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಪಾಲಮ್ಮನ ಊರು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಬಿ.ಜಿ. ಕೆರೆಯಿಂದ ಒಳಗೆ. ಮರ ಆಕೆಯ ಹೊಲದ ಬದುವಿನಲ್ಲಿತ್ತು. ಆಗ ಆಕೆಗೆ ಐವತ್ತರ ಹತ್ತಿರ ವಯಸ್ಸು. ಕಡಿಯುವ ದಿನ ಆಕೆಯೇ ನನ್ನನ್ನು ಮರದ ಬಳಿ ಕರೆದುಕೊಂಡು ಹೋಗಿ, ಬೆನ್ನು ಕೊಟ್ಟು ನಿಂತು, ತನ್ನ ಎದೆಯ ಮಟ್ಟಕ್ಕೆ ಅಂಗೈ ಚಪ್ಪಟೆ ಹಿಡಿದು ತೋರಿಸಿದಳು.

“ನೋಡು ತಮ್ಮ, ಇಷ್ಟೆತ್ರಕ್ಕೆ ಐತೆ. ಚಿಕ್ಕೋಳಿದ್ದಾಗ ನಂಗೆ ಮೂರ್ಛೆ ಬರ್ತಿತ್ತು. ಆಂಧ್ರದ ಕಡೆಯಿಂದ ಒಬ್ಬ ಬಂದು ಕೂದ್ಲು ಹಿಡ್ದು ಮೊಳೆ ಹೊಡ್ದ. ಮೂರು ಹೊಡ್ದ. ನಾನು ಎಣಿಸಿದೀನಿ. ನೋಡ್ಕೊಂಡು ಕೊಯ್ರಿ.”

“ಮೂರ್ಛೆ ನಿಂತಿತಾ ಅಕ್ಕಾ?” ಎಂದೆ.

“ಮದ್ವೆ ಆತು, ಮೂರ್ಛೆ ಹೋಗೋಕೆ ಟೈಮೇ ಸಿಗ್ಲಿಲ್ಲ” ಎಂದು ನಕ್ಕಳು.

ಆಕೆ ಎಚ್ಚರಿಸಿದ್ದಳು. ಎಣಿಕೆಯನ್ನೂ ಕೊಟ್ಟಿದ್ದಳು. ಇದನ್ನು ನಾನು ಯಾವ ಮಾತಿನಿಂದಲೂ ಮೆತ್ತಗೆ ಮಾಡಲಾರೆ.

ದಿಮ್ಮಿ ಮಿಲ್ಲಿಗೆ ಬಂತು. ಕಟುಕರ ಅಂಗಡಿಯಲ್ಲಿ ಮಾಂಸ ಕಡಿಯುವ ಕೊರಡುಗಳಿಗೆಂದು ದಪ್ಪ ತುಂಡು ಕೊಯ್ಯಬೇಕಿತ್ತು. ತ್ರೀ ಫೇಸ್ ಕರೆಂಟು ಬೆಳಗಿನ ಕೆಲವು ತಾಸು ಮಾತ್ರ. ಯಜಮಾನರು, “ಮೋಟ್ರು ನಿಲ್ಸಂಗಿಲ್ಲ ಮಂಜಣ್ಣ, ಕರೆಂಟು ಇರೋದ್ರಾಗೆ ಮುಗಿಸ್ರಿ” ಎಂದರು. ದಿಮ್ಮಿ ನೆಲದ ಮೇಲೆ, ಗರಗಸದಿಂದ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ಅಲ್ಲೇ ನೋಡತೊಡಗಿದೆ. ಒಂದು ಮಗ್ಗುಲಲ್ಲಿ ಎರಡು ಮೊಳೆ ಸಿಕ್ಕವು. ಅಲ್ಲಿ ತೊಗಟೆ ಹೆಚ್ಚು ಬೆಳೆದಿರಲಿಲ್ಲ. ಉಳಿಯಿಂದ ಬಿಡಿಸಿ ತೆಗೆದೆ. ಮೂರನೆಯದಕ್ಕೆ ದಿಮ್ಮಿಯನ್ನು ಉರುಳಿಸಿದೆವು. ಮೆಷಿನ್ ಒಂದೇ ಸಮನೆ ವಟಗುಟ್ಟುತ್ತಿತ್ತು. ತಟ್ಟೆ ಎಲ್ಲಿಟ್ಟರೂ ಸದ್ದು — ಮೊಳೆ ಇರುವಲ್ಲಿ, ಇಲ್ಲದಿರುವಲ್ಲಿ, ಗಾಳಿಯಲ್ಲಿ.

ಗರಗಸದ ಹತ್ತಿರ ನಿಂತಿದ್ದ ಓಬಳೇಶ ನನ್ನ ಗೆಳೆಯ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವನು ಕೂಗಿದ: “ಲೇ ಮಂಜ, ಏನಲೇ ಅದು ಕಪ್ಪೆ ಹಂಗೆ ಒದರ್ತೈತೆ? ಚಳ್ಳಕೆರೆಗೆ ಮಳೆ ತರಿಸ್ತೀಯೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಹೆಬ್ಬೆರಳಿನಿಂದ ಗುಂಡಿಯನ್ನು ತಿರುಗಿಸಿದೆ — ಏಳು, ಆರು, ಐದು. ನಾಲ್ಕಕ್ಕೆ ಬಂದಾಗ ಮೆಷಿನ್ ಸುಮ್ಮನಾಯಿತು. ದಿಮ್ಮಿಯ ಉದ್ದಕ್ಕೂ ಒಮ್ಮೆ ಆಡಿಸಿದೆ. ಸುಮ್ಮನೇ ಇತ್ತು. ಆ ಮೌನ ಏನು ಎಂಬುದು ನನಗೆ ಗೊತ್ತಿತ್ತು. ಗೇಣುದ್ದ ಒಳಗಿರುವುದು ನಾಲ್ಕರಲ್ಲಿ ಕೇಳುವುದಿಲ್ಲ ಎಂದು ಗೊತ್ತಿತ್ತು. ಮೂರ್ಛೆ ಬರುತ್ತಿದ್ದ ಹುಡುಗಿ ಮೊಳೆ ಎಣಿಸಿರಲು ಸಾಧ್ಯವೇ, ಎರಡೇ ಇದ್ದಿರಬೇಕು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಂಡದ್ದು ಚೆನ್ನಾಗಿ ನೆನಪಿದೆ. ಚಾಕ್‌ನಲ್ಲಿ ಸರಿ ಗುರುತು ಹಾಕಿ, “ತಗೊಳ್ಳೋ” ಎಂದೆ.

ನನ್ನ ಬಾಯಿಂದ ಬಂದದ್ದು ಇಷ್ಟೇ. ತಗೊಳ್ಳೋ.

ಎರಡನೆಯ ಕೊಯ್ತಕ್ಕೆ ಬ್ಲೇಡು ಮೂರನೆಯ ಮೊಳೆಗೆ ತಾಗಿತು. ಬ್ಲೇಡು ತುಂಡಾದ ಸದ್ದು ದೊಡ್ಡದಾಗಿರಲಿಲ್ಲ. ಓಬಳೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತ. ಬ್ಲೇಡಿನ ಚೂರು ಮುಖಕ್ಕೆ ಸಿಡಿದಿತ್ತು. ಬೆರಳ ಸಂದಿಯಿಂದ ರಕ್ತ ಬಂದು ಮರದ ಹೊಟ್ಟಿನ ಮೇಲೆ ಬಿದ್ದು ತಕ್ಷಣ ಇಂಗುತ್ತಿತ್ತು. ಯಾರೋ ಮೋಟಾರು ನಿಲ್ಲಿಸಿದರು. ಎಲ್ಲರೂ ಅವನ ಕಡೆ ಓಡಿದರು.

ನಾನು ಓಡಲಿಲ್ಲ. ಮೆಷಿನ್ ಎತ್ತಿಕೊಂಡು, ಗುಂಡಿಯನ್ನು ಎಂಟಕ್ಕೆ ತಿರುಗಿಸಿ, ಇದ್ದ ಜಾಗದಲ್ಲೇ ಒರಗಿಸಿಟ್ಟೆ. ಆಮೇಲೆ ಓಡಿದೆ. ಅವನ ಎಡಗಣ್ಣು ಉಳಿಯಲಿಲ್ಲ.

ಮಧ್ಯಾಹ್ನ ಯಜಮಾನರು ಎಲ್ಲರ ಎದುರು ಆ ತುಂಡಿನ ಮೇಲೆ ಮೆಷಿನ್ ಆಡಿಸಿದರು. ಮೋಟಾರು ನಿಂತಿತ್ತು, ಗುಂಡಿ ಎಂಟರಲ್ಲಿತ್ತು. ಮುರಿದ ಮೊಳೆಯ ಮೇಲೆ ಬಂದ ಕೂಡಲೇ ಮೆಷಿನ್ ಚೀರಿತು. ಬೆಳಿಗ್ಗೆ ಸುಮ್ಮನಿದ್ದದ್ದನ್ನು ಎಲ್ಲರೂ ನೋಡಿದ್ದರು. ಆಗ ದಿಮ್ಮಿ ಉರುಳಿಸುವ ಒಬ್ಬ ನಿಧಾನವಾಗಿ ಹೇಳಿದ: “ಮಿಷನ್ನಿನ ಬಾಯಿ ಕಟ್ಟಿತ್ತು ಅದು. ಆಯಮ್ಮನ ಕೂದ್ಲಾಗೆ ಇತ್ತಲ್ಲ — ಅದು.”

ಯಜಮಾನರು ನನ್ನ ಮುಖ ನೋಡಿದರು. “ಏನಂತೀಯ ಮಂಜಣ್ಣ?”

ನಾನು ತಲೆಯನ್ನು ಸ್ವಲ್ಪ ಆಡಿಸಿದೆ. ಅದು ಹೌದು ಎಂದೋ ಅಲ್ಲ ಎಂದೋ — ಅವರು ಹೌದು ಎಂದೇ ತಿಳಿದುಕೊಂಡರು. ಹಾಗೆ ತಿಳಿದುಕೊಳ್ಳಲಿ ಎಂದೇ ಆಡಿಸಿದ್ದು.

ಮಾತು ಲಾರಿಯವರ ಜೊತೆ, ಶೇಂಗಾ ವ್ಯಾಪಾರದವರ ಜೊತೆ ಪಾಲಮ್ಮನ ಊರು ತಲುಪಿತು. ತಲುಪಿದ್ದು ನನಗೆ ಗೊತ್ತಿತ್ತು. ಏನಾಯಿತೆಂದು ವಿಚಾರಿಸಲಿಲ್ಲ. ಕೆಲಸಕ್ಕೆ ಹೋದೆ, ಊಟ ಮಾಡಿದೆ. ಆ ಕಡೆಯ ಮರಕ್ಕೆ ಬೇರೆಯವರನ್ನು ಕಳಿಸುತ್ತಿದ್ದೆ. ಗುಂಡಿಯನ್ನು ಎಂಟಕ್ಕಿಂತ ಕೆಳಗೆ ಮತ್ತೆಂದೂ ಇಳಿಸಿಲ್ಲ. ಮೋಟಾರು ನಿಲ್ಲಿಸದೆ ಒಂದು ದಿಮ್ಮಿಯನ್ನೂ ನೋಡಿಲ್ಲ. ಅದರಿಂದ ಯಾರಿಗೆ ಏನು ಮರಳಿ ಬಂತು — ಅದನ್ನು ಇಲ್ಲಿ ಬರೆಯುವುದೇ ನಾಚಿಕೆ.

ಕಳೆದ ವಾರ ಕಳಿಸಲು ಬೇರೆ ಯಾರೂ ಇರಲಿಲ್ಲ. ಆ ಕಡೆಯ ಒಂದು ಬೇವಿನಮರ ನೋಡಲು ನಾನೇ ಬೈಕಿನಲ್ಲಿ ಹೋದೆ. ದಾರಿಯ ಹೊಲವೊಂದರಲ್ಲಿ ಹನ್ನೆರಡು ಹೆಂಗಸರು ಸುತ್ತ ಕುಳಿತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದರು. ಒಬ್ಬಳು ದೂರದಲ್ಲಿ, ಬದುವಿನ ಹತ್ತಿರ, ಬೇರೆ ರಾಶಿಯ ಮುಂದೆ ಬೆನ್ನು ಮಾಡಿ ಕುಳಿತಿದ್ದಳು. ನೀರಿನ ಕೊಡವೂ ಬೇರೆ. ದಾರಿ ಕೇಳಲು ನಾನು ಆಕೆಯ ಕಡೆ ತಿರುಗಿದ್ದೇ ತಡ, ಗುಂಪಿನಿಂದ ಒಬ್ಬಳು ಕೂಗಿದಳು:

“ಆ ಕಡಿಗೆ ಹೋಗ್ಬ್ಯಾಡ್ರಿ ಅಣ್ಣ! ಆಯಮ್ಮನ ದೆವ್ವ ಮರ ಬಿಟ್ಟು ಆಯಮ್ಮಂಗೇ ವಾಪಸ್ ಬಂದೈತೆ. ಚಳ್ಳಕೆರೆಯಾಗೆ ಒಬ್ಬನ ಕಣ್ಣು ತಿಂದೈತೆ.”

ಆಕೆ ತಿರುಗಿ ನೋಡಿದಳು. ಪಾಲಮ್ಮ. ಆರು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದಳು. ನಾನು ಆಕೆಯ ಮುಂದೆ ಕುಳಿತು ಎಲ್ಲ ಹೇಳಿದೆ — ಎಂಟು, ನಾಲ್ಕು, ಮತ್ತೆ ಎಂಟು. ಆಕೆ ಶೇಂಗಾ ಬಿಡಿಸುವ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಮೂರು ಅಂತ ಹೇಳಿದ್ನಲ್ಲಪ್ಪ” ಎಂದಳು.

“ಹೇಳಿದ್ದಿ ಅಕ್ಕ.”

“ನಿಜವಾಗ್ಲೂ ದೆವ್ವ ಇದ್ದಿದ್ರೆ ಮೊದ್ಲು ನಿನ್ನ ಹಿಡೀತಿತ್ತು.” ಬಿಡಿಸಿದ ಬಳ್ಳಿಯನ್ನು ಪಕ್ಕಕ್ಕೆ ಎಸೆದಳು. “ನನ್ನ ಮೊಮ್ಮಗುನ್ನ ಅದ್ರ ಅವ್ವ ನನ್ನ ಕೈಗೆ ಕೊಡಲ್ಲ. ಈಗ ಬಂದು ನಂಗೆ ಹೇಳ್ತೀಯಾ? ನಾನೇನು ನನ್ನನ್ನೇ ದೆವ್ವ ಅಂದ್ಕೊಂಡೀನಾ? ಅಂದ್ಕೊಂಡೋರು ಅಗೋ ಅಲ್ಲಿ ಕುಂತವ್ರೆ. ಅವ್ರಿಗೆ ಹೇಳು.”

ನಾನು ಎದ್ದು ನಿಂತೆ. ಹನ್ನೆರಡು ಮುಖಗಳು ನನ್ನನ್ನೇ ನೋಡುತ್ತಿದ್ದವು. ಮೂವತ್ತು ಹೆಜ್ಜೆ ಇದ್ದಿರಬಹುದು. ನಾನು ಬೈಕು ಹತ್ತಿ ಚಳ್ಳಕೆರೆಗೆ ವಾಪಸ್ಸು ಬಂದೆ. ಆರು ವರ್ಷದ ಹಿಂದಿನದಕ್ಕಿಂತ ಇದು ದೊಡ್ಡ ತಪ್ಪು ಎಂದು ನನಗೆ ಅನಿಸುತ್ತದೆ. ಆಗ ಗಾಬರಿಯಿತ್ತು. ಈ ಸಲ ಅದೂ ಇರಲಿಲ್ಲ.

ನಿನ್ನೆ ಓಬಳೇಶನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವನೀಗ ಅಣ್ಣನ ಕುರಿ ಕಾಯುತ್ತಾನೆ. ತನ್ನ ಕಣ್ಣನ್ನು ದೆವ್ವಕ್ಕೆ ಕೊಟ್ಟೆ ಎಂದು ಇಷ್ಟು ದಿನ ನಂಬಿದ್ದವನು. ಅವನು ಕೇಳಿದ್ದು: “ಎಷ್ಟರಾಗಿಟ್ಟಿದ್ದೆ?”

“ನಾಲ್ಕರಾಗೆ.”

“ನಾನು ನಕ್ಕೆ ಅಂತಾನಾ?”

“ಅಲ್ಲ. ನೀನು ನಕ್ಕಿದ್ದಕ್ಕೆ ಅಲ್ಲ. ನಾನು ಇಳಿಸಿದ್ದು.”

ಅವನು ಎದ್ದು ಕುರಿಹಟ್ಟಿಯ ಕಡೆ ಹೋದ. ನಾನು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಬಂದೆ.

ಶೇಂಗಾ ಬಿಡಿಸುವ ಕೆಲಸ ಆ ಊರಲ್ಲಿ ಇನ್ನೂ ಮೂರು ದಿನವಿದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ, ಅವರು ಸುತ್ತ ಕೂರುವ ಮೊದಲೇ ಹೊಲದಲ್ಲಿರಬೇಕು. ಅವರು ನಂಬುತ್ತಾರೋ ಇಲ್ಲವೋ — ನಂಬುವ ತನಕ ಹೇಳಬೇಕು, ನಾಳಿದ್ದೂ ಹೋಗಬೇಕು, ಪಾಲಮ್ಮನ ಮೊಮ್ಮಗುವಿನ ಅವ್ವನ ಮನೆಗೂ ಹೋಗಬೇಕು. ಪಾಲಮ್ಮನ ಹತ್ತಿರ ಕ್ಷಮೆ ಕೇಳುವುದಿಲ್ಲ. ಆಕೆ ನನ್ನಿಂದ ಕೇಳಿದ್ದು ಅದನ್ನಲ್ಲ.