ಬಿಳಿ ಗಾಳಿ ಬಂದ ಶನಿವಾರ

"ನನ್ನ ಗಂಡ ಬೆಳಗ್ಗೆ ಎದ್ದು ನನ್ನ ಮುಖಾನೂ ನೋಡಲ್ಲ, ಆಕಾಶಾನೂ ನೋಡಲ್ಲ, ಫೋನ್ ನೋಡ್ತಾನೆ" ಎಂದು ಕೆರಾನಾ ಬಂದವರಿಗೆಲ್ಲ ಹೇಳುತ್ತಿದ್ದಳು. ಸುಳ್ಳಲ್ಲ. ರೊಡೋಪಿ ಬೆಟ್ಟದ ಆ ಹಳ್ಳಿಗೆ ಇದ್ದದ್ದೇ ಒಂದು ಸ್ಕೀ ಇಳಿಜಾರು, ಅದಕ್ಕೊಂದು ಕಿರುಗುಟ್ಟುವ ಲಿಫ್ಟು. ಆ ಲಿಫ್ಟು ನಡೆಸುವವನು ಅವಳ ಗಂಡ ದಾಫಿನ್. ದೊಡ್ಡ ಮೈ, ಸಣ್ಣ ದನಿ, ಯಾರಿಗೂ ಇಲ್ಲ ಅನ್ನಲು ಬಾರದ ನಾಲಿಗೆ. ಅದೇ ನಾಲಿಗೆ ಅವನನ್ನು ಕೆಡಿಸಿತು ಅನ್ನಿ.

ಹವಾಮಾನ ನೋಡುವುದರಲ್ಲಿ ಮಾತ್ರ ಅವನು ಗಟ್ಟಿಗ. ಉಳಿದವರು ಫೋನಿನಲ್ಲಿ ಹಿಮದ ಚಿತ್ರ ಕಂಡರೆ ಸಾಕು, ಕುಣಿದುಬಿಡುತ್ತಾರೆ. ಅದು ಕೆಳಗಿನ ಪಟ್ಟಣದ ಲೆಕ್ಕ, ಬೆಟ್ಟದ್ದಲ್ಲ. ದಾಫಿನ್ ಮೊದಲು ನೋಡುವುದು ಸೊನ್ನೆ ಡಿಗ್ರಿಯ ಗೆರೆ ಎಷ್ಟು ಎತ್ತರದಲ್ಲಿ ನಿಂತಿದೆ ಎಂದು. ಅದು ಇಳಿಜಾರಿನ ಬುಡಕ್ಕಿಂತ ಕೆಳಗಿದ್ದರೆ ಬೀಳುವುದು ಹಿಮ. ನೆತ್ತಿಗಿಂತ ಮೇಲೆ ಹತ್ತಿದರೆ ಬೀಳುವುದು ಬರೀ ಮಳೆ. ಆಮೇಲೆ ಗಾಳಿ ನೋಡಬೇಕು. ಬಡಗಣದ್ದಾದರೆ ಜರಡಿ ಹಿಡಿದ ಹಿಟ್ಟಿನಂಥ ಒಣ ಹಿಮ. ತೆಂಕಣದ್ದಾದರೆ ಅದು ಬಿಳಿ ಗಾಳಿ. ಹೆಸರು ಚೆಂದ, ಬುದ್ಧಿ ಹೊಲಸು. ಹಸು ಕಲಗಚ್ಚಿನ ಬಾನಿ ನೆಕ್ಕಿದ ಹಾಗೆ ಬೆಟ್ಟದ ಹಿಮವನ್ನೆಲ್ಲ ನೆಕ್ಕಿಬಿಡುತ್ತದೆ.

ಆದರೆ ಆ ಊರಿನಲ್ಲಿ ಬಿಳಿ ಗಾಳಿಯ ಹೆಸರನ್ನು ಚಳಿಗಾಲದಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಕರೆದ ಹಾಗೆ. ಅಕಸ್ಮಾತ್ ಬಾಯಿ ತಪ್ಪಿದರೆ ಕಿವಿ ಎಳೆದುಕೊಂಡು, ಮರ ಕುಟ್ಟಿ, ಥೂ ಥೂ ಎಂದು ಉಗಿಯಬೇಕು. ಮನೆ ಮನೆಯಲ್ಲೂ ಬಾಡಿಗೆ ಕೋಣೆ, ಕೋಣೆ ತುಂಬ ಅತಿಥಿಗಳು. ಹಿಮವನ್ನು ಹೊಗಳುವುದೇ ಊರಿನ ಮರ್ಯಾದೆ.

ಈಗ ಬಾಯ್ ಪೆನ್ಯುವಿನ ವಿಷಯ ಹೇಳಬೇಕು. ಆ ಕಡೆ ಹಿರಿಯ ಗಂಡಸರನ್ನು ಬಾಯ್ ಅನ್ನುತ್ತಾರೆ, ನಾವು ಮಾಮ ಅಂದ ಹಾಗೆ. ಊರಿನ ಅರ್ಧ ಜನಕ್ಕೆ ಸ್ಕೀ ಕಲಿಸಿದ ಮೇಷ್ಟ್ರು ಅವರು. ದಾಫಿನ್‌ಗೆ ಅಪ್ಪ ಇರಲಿಲ್ಲ. ಮೂಗು ಸೋರಿಸಿಕೊಂಡು ಲಿಫ್ಟಿನ ಹತ್ತಿರ ಅಲೆಯುತ್ತಿದ್ದವನನ್ನು ಕರೆದು, ಕಾಲಿಗೆ ಹಲಗೆ ಕಟ್ಟಿ, ನಿಲ್ಲಲು ಕಲಿಸಿದ್ದು ಅವರೇ. ವಯಸ್ಸಾದ ಮೇಲೆ ಪ್ಲೋವ್ದಿವ್ ಪಟ್ಟಣದಲ್ಲಿ ಮಗಳು ರಾಲಿತ್ಸಾಳ ಮನೆ ಸೇರಿದರು. ಸೊಂಟ ಸವೆದಿತ್ತು. ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಆದ ಮೇಲೆ ಸ್ಕೀ ಹಲಗೆಯ ಮೇಲೆ ಇನ್ನು ನಿಲ್ಲುವ ಹಾಗಿಲ್ಲ ಎಂದುಬಿಟ್ಟಿದ್ದರು ಡಾಕ್ಟರು. ಅದಕ್ಕೆ ಮೊದಲು ಒಂದೇ ಒಂದು ಸಲ, ಮೆಲ್ಲಗೆ, ತನ್ನ ಇಳಿಜಾರಿನಲ್ಲಿ ಇಳಿಯಬೇಕು ಎಂದು ಮುದುಕ ಹಟ ಹಿಡಿದರು.

ಫೋನು ಬಂದಾಗ ದಾಫಿನ್ ಮಿಂಕಾಳ ಬೇಕರಿಯಲ್ಲಿದ್ದ. ಮಿಂಕಾಳ ಬಾನಿತ್ಸಾ ತಿಂದವರಿಗೇ ಗೊತ್ತು, ಹಾಳೆ ಹಾಳೆ ಬಿಡುವ ಪದರ, ಒಳಗೆ ಬಿಸಿ ಚೀಸು, ಬೆರಳೆಲ್ಲ ಬೆಣ್ಣೆ. ಬೆಣ್ಣೆ ಕೈಯಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೇ ಇಟ್ಟು ಮಾತಾಡಿದ. ಪೆನ್ಯುವಿನ ಗಂಟಲೋ, ಅಂಗಡಿಗೆಲ್ಲ ಕೇಳುವಂಥದ್ದು.

"ಲೋ ಕರಡಿಮರಿ! ಆಪರೇಷನ್ನಿಗೆ ಮುಂಚೆ ಮಗಳಿಗೆ ರಜ ಒಂದೇ ಸಲ ಸಿಗೋದು. ಈ ಶನಿವಾರ ಬರ್ಲೋ, ಮುಂದಿನ ಶನಿವಾರ ಬರ್ಲೋ? ನೀನು ಹೇಳ್ದಂಗೆ."

ದಾಫಿನ್ ಆ ಬೆಳಿಗ್ಗೆಯೇ ನೋಡಿದ್ದ. ಈ ಶನಿವಾರ ಗೆರೆ ನೆತ್ತಿಗಿಂತ ಎಷ್ಟೋ ಮೇಲೆ, ಗಾಳಿ ತೆಂಕಣದ್ದು. ಮುಂದಿನ ವಾರ ಚಳಿ, ಬಡಗಣ ಗಾಳಿ, ಹಿಮ. ಬಾಯಿ ತೆರೆದ. ಪಕ್ಕದ ಮೇಜಿನಲ್ಲಿ ರಾಜಧಾನಿ ಸೋಫಿಯಾದಿಂದ ಬಂದ ಅತಿಥಿಗಳು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಮಿಂಕಾ ತಟ್ಟೆ ಹಿಡಿದು ಕಣ್ಣು ಬಿಟ್ಟು ಪಿಸುಗುಟ್ಟಿದಳು.

"ಹೇಳಪ್ಪ ಹೇಳು, ಮಂಡಿಯುದ್ದ ಹಿಮ ಐತೆ ಅಂತ ಹೇಳು. ಏನು, ನಾಲಿಗೆಗೆ ಬಾನಿತ್ಸಾ ಮೆತ್ಕೊಂಡಿತಾ?"

"ಈ ಶನಿವಾರಾನೇ ಬನ್ನಿ, ಬಾಯ್ ಪೆನ್ಯು" ಎಂದ ದಾಫಿನ್. "ಹಿಮ ಚೆನ್ನಾಗಿದೆ."

"ಥೂ ಥೂ, ದೃಷ್ಟಿ ಆಗದಿರ್ಲಿ" ಎಂದು ಮಿಂಕಾ ಮೇಜು ಕುಟ್ಟಿದಳು.

ಹೊರಗೆ ಹೋಗಿ ಒಬ್ಬನೇ ಇದ್ದಾಗ ಫೋನು ಮಾಡಿ ನಿಜ ಹೇಳಿದರಾಯಿತು ಅಂದುಕೊಂಡ. ಹೊರಗೆ ಹೋದರೆ ಲಿಫ್ಟಿಗೆ ಜನ ಕಾದಿದ್ದರು. ಸಂಜೆ ಮಾಡೋಣ ಅಂದ. ಸಂಜೆ, ಪಾಪ ಊಟದ ಹೊತ್ತು ಅಂದ. ಮರುದಿನ, ನಿನ್ನೆ ಹೇಳಿದ್ದನ್ನು ಈಗ ಹೇಗೆ ತಿರುಗಿಸಲಿ ಅಂದ. ಮುನ್ಸೂಚನೆಯೇ ತಪ್ಪಬಹುದು ಎಂದು ಗಳಿಗೆಗೊಮ್ಮೆ ಫೋನು ನೋಡಿದ. ಗೆರೆ ಇಳಿಯಲಿಲ್ಲ. ನಾಚಿಕೆ ಹಾಗೆಯೇ ನೋಡಿ, ಮೊದಲ ದಿನ ಉಗುರಿನಲ್ಲಿ ಚಿವುಟಬಹುದು, ಆಮೇಲೆ ಕೊಡಲಿಯೂ ಸಾಲದು.

ಶನಿವಾರ ಬಿಳಿ ಗಾಳಿ ಬಂತು. ಮಳೆ ಸುರಿದು ಇಳಿಜಾರೆಲ್ಲ ಪಾತ್ರೆ ತೊಳೆದ ನೀರಿನ ಬಣ್ಣ, ನಡುನಡುವೆ ಕಲ್ಲು, ಕಂದು ಹುಲ್ಲು. ಗಾಳಿಗೆ ಲಿಫ್ಟು ನಿಲ್ಲಿಸಿದ್ದರು. ಆ ಮಳೆಯಲ್ಲಿ ಕಾರಿನಿಂದ ಇಳಿದರು ಬಾಯ್ ಪೆನ್ಯು. ಹೆಂಡತಿ ಹೆಣೆದುಕೊಟ್ಟಿದ್ದ ಹಳೆಯ ಕೆಂಪು ಸ್ವೆಟರು, ಹೊಸದಾಗಿ ಮೇಣ ತಿಕ್ಕಿದ ಹಲಗೆಗಳು. ಇಳಿಜಾರನ್ನು ಒಮ್ಮೆ ನೋಡಿದರು, ದಾಫಿನ್‌ನನ್ನು ಒಮ್ಮೆ ನೋಡಿದರು.

ರಾಲಿತ್ಸಾ ಸಿಡಿದಳು. "ನನ್ನ ಫೋನಲ್ಲಿ ಮಳೆ ಅಂತಾನೇ ಇತ್ತು! ತೋರಿಸ್ದೆ ಇವ್ರಿಗೆ. ಕೇಳಿದ್ರಾ? 'ಅದು ಕೆಳಗಿನ ಊರಿಂದು ಕಣೇ, ಬೆಟ್ಟದ್ದು ನಿನಗೇನು ಗೊತ್ತು, ದಾಫಿನ್ ನೋಡಿ ಹೇಳಿದಾನೆ' ಅಂದ್ರು!"

ದಾಫಿನ್‌ಗೆ ಆ ಮಾತು ಎದೆಗೆ ಇರಿಯಿತು. ಪಟ್ಟಣದ ಲೆಕ್ಕ ನಂಬಬೇಡಿ ಎಂದು ಅವರಿಗೆ ಹೇಳಿಕೊಟ್ಟವನೂ ತಾನೇ.

"ಬಿಡೇ, ಗಾಳಿ ತಿರುಗಿದ್ರೆ ಹುಡುಗ ಏನ್ ಮಾಡ್ತಾನೆ" ಎಂದರು ಮುದುಕ.

ಐವತ್ತು ದಾಟಿದವನನ್ನು ಹುಡುಗ ಅಂದರು. ಆ ಮರೆಯಲ್ಲಿ ಅಡಗಿಕೊಳ್ಳಬಹುದಿತ್ತು. ದಾಫಿನ್‌ನ ಕಿವಿ ಕೆಂಪಾಯಿತು. "ತಿರುಗಲಿಲ್ಲ, ಬಾಯ್ ಪೆನ್ಯು. ನಂಗೆ ಗೊತ್ತಿತ್ತು. ಬೇಕರಿಯಲ್ಲಿ ಎಲ್ರೂ ಕೇಳಿಸ್ಕೊಳ್ತಿದ್ರು... ಹೇಳಕ್ಕಾಗ್ಲಿಲ್ಲ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಲಗೆಗಳ ನೀರನ್ನು ತೋಳಿನಿಂದ ಒರೆಸಿ ಮತ್ತೆ ಕಾರಿನಲ್ಲಿ ಮಲಗಿಸಿದರು. "ಕೆರಾನಾಗೆ ಕೇಳಿದೆ ಅಂತ ಹೇಳು" ಎಂದಷ್ಟೇ ಅಂದರು. ಕೆರಾನಾ ಅವರಿಗೆಂದೇ ಬೇಯಿಸಿದ್ದ ಹುರುಳಿಕಾಯಿ ಬೀಜದ ಸಾರು ಒಲೆಯ ಮೇಲೇ ಉಳಿಯಿತು. ಅವಳು ಮಾತಾಡದಿದ್ದರೆ ಆ ಮನೆಯಲ್ಲಿ ಚಳಿ ಜಾಸ್ತಿ.

ಮುಂದಿನ ವಾರ ಮುನ್ಸೂಚನೆ ಹೇಳಿದ ಹಾಗೆಯೇ ಹಿಮ ಬಿತ್ತು, ಆ ಚಳಿಗಾಲದಲ್ಲೇ ಅಂಥದ್ದು ಬಿದ್ದಿರಲಿಲ್ಲ. ಶನಿವಾರ ಬೆಳಿಗ್ಗೆ ದಾಫಿನ್ ಮೊದಲ ಲಿಫ್ಟಿನಲ್ಲಿ ಒಬ್ಬನೇ ನೆತ್ತಿಗೆ ಹೋದ. ಒಂದು ಗೆರೆಯೂ ಬೀಳದ ಇಳಿಜಾರು, ನೀಲಿ ಆಕಾಶ. ಕಾಲಿಡಲು ಮನಸ್ಸಾಗಲಿಲ್ಲ. ಆಗ ಜೇಬಿನಲ್ಲಿ ಫೋನು ರಿಂಗಾಯಿತು.

"ಹೇಗಿದೆಯೋ?" ಬಾಯ್ ಪೆನ್ಯುವಿನ ದನಿ. ಗಂಟಲು ಸಣ್ಣದಾಗಿತ್ತು.

ಪರವಾಗಿಲ್ಲ, ಅಂಥದ್ದೇನಿಲ್ಲ, ಅಂದುಬಿಟ್ಟರೆ ಮುದುಕನ ಸಂಕಟ ಕಡಿಮೆಯಾದೀತು ಎಂದು ಮತ್ತೆ ಅದೇ ನಾಲಿಗೆ ತುರಿಸಿತು. ನುಂಗಿಕೊಂಡ. "ಮಂಡಿವರೆಗಿದೆ, ಬಾಯ್ ಪೆನ್ಯು. ಒಣ ಹಿಟ್ಟು. ಇಂಥದ್ದು ನಾನು ನೋಡೇ ಇಲ್ಲ."

"ಇಳಿ. ಇಳೀತಾ ಹೇಳು" ಎಂದರು.

ದಾಫಿನ್ ಫೋನನ್ನು ಟೋಪಿಯೊಳಗೆ ಕಿವಿಗೆ ಸಿಕ್ಕಿಸಿ ಮೆಲ್ಲಗೆ ಇಳಿದ. ಒಂದೊಂದು ತಿರುವನ್ನೂ ಹೇಳಿದ. ಹಿಮ ಹಲಗೆಯ ಕೆಳಗೆ ಹೇಗೆ ಉಸಿರು ಬಿಡುತ್ತಿದೆ ಎಂದು ಹೇಳಿದ. ಮಾತು ತಡವರಿಸಿದಾಗ ಗಾಳಿ ಜಾಸ್ತಿ ಎಂದು ಹೇಳಲು ಹೋಗಿ, ಗಾಳಿ ಇಲ್ಲದ್ದು ನೆನಪಾಗಿ, ಮುಂದಿನ ತಿರುವನ್ನು ಹೇಳಿದ.

"ಒಂಟಿ ದೇವದಾರು ಬಂತಾ? ಎಡಕ್ಕೆ ಹೋಗ್ಬೇಡ, ಕಲ್ಲಿದೆ."

"ಹಿಮ ಮುಚ್ಚಿದೆ."

"ಸುಳ್ಳು ಹೇಳ್ಬೇಡ ಕಣೋ."

ದಾಫಿನ್ ನಿಂತ. ಹಿಂದಕ್ಕೆ ಹತ್ತಿದ, ಹೂತುಹೋಗುವ ಹಿಮದಲ್ಲಿ ಏದುಸಿರು ಬಿಡುತ್ತ. ಕಲ್ಲಿದ್ದ ಜಾಗದಲ್ಲಿ ಕೈಕೋಲನ್ನು ಊರಿದ. ಅದು ಇಳಿಯಿತು, ಇಳಿಯಿತು, ಅರ್ಧ ಹೂತಾಗ ಕೆಳಗೆಲ್ಲೋ ಕಲ್ಲಿಗೆ ಟಕ್ ಎಂದಿತು.

"ಕೇಳಿಸ್ತಾ, ಬಾಯ್ ಪೆನ್ಯು?"

"ಕೇಳಿಸ್ತು" ಎಂದರು ಅವರು. "ಸರಿ, ಈಗ ಹೋಗು."