ಗೋಡೆ ಸಾಲಿನ ಹುಡುಗಿಯ ಪ್ರಬಂಧ

ಈಗ ನಾನು ಪಾಠ ಮಾಡುತ್ತಿರುವುದು ಕಲ್ಯಾಣದುರ್ಗದಲ್ಲಿ. ಶಾಲೆಯ ದಾರಿಯಲ್ಲಿ ಹೆಣ್ಣುಮಕ್ಕಳ ಜೂನಿಯರ್ ಕಾಲೇಜೊಂದಿದೆ, ಹಾಸ್ಟೆಲ್ಲೂ ಅಲ್ಲೇ. ಆ ಗೇಟು ಬಂದಾಗ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಅಲ್ಲಿ ಓದಬೇಕಾಗಿದ್ದ ಒಬ್ಬ ಹುಡುಗಿ ಓದಲಿಲ್ಲ. ತಪ್ಪು ಬಹುಪಾಲು ನನ್ನದು.

ಮುಂಚೆ ಹಿಂದೂಪುರದ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿದ್ದೆ. ಹತ್ತನೇ ತರಗತಿಗೆ ವಾದದ ಪ್ರಬಂಧ ಕಲಿಸುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ನಿಮ್ಮ ನಿಲುವನ್ನು ಮೊದಲು ಒಂದೇ ವಾಕ್ಯದಲ್ಲಿ ಹೇಳಿ. ಕಾರಣ ಕೊಡಿ, ಪ್ರತಿ ಕಾರಣಕ್ಕೂ ಆಧಾರ ಕೊಡಿ. ಎದುರಿನವರು ಏನು ಹೇಳಬಹುದೋ ಅದನ್ನು ಮುಚ್ಚಿಡದೆ ನೀವೇ ಹೇಳಿ, ಆಮೇಲೆ ಉತ್ತರ ಕೊಡಿ. ಇಷ್ಟೇ ಪಾಠ. ಇದರ ಮೇಲೆ ನನ್ನದೇ ಒಂದು ಪದ್ಧತಿಯಿತ್ತು: ಕಿಟಕಿ ಸಾಲಿನವರು ಪರವಾಗಿ ಬರೆಯಬೇಕು, ಗೋಡೆ ಸಾಲಿನವರು ವಿರೋಧವಾಗಿ. ಯಾರಿಗೆ ಯಾವುದು ಇಷ್ಟ ಎಂದು ಕೇಳುತ್ತಿರಲಿಲ್ಲ. ಇಷ್ಟವಿಲ್ಲದ ಪಕ್ಷ ಹಿಡಿದರೇ ಬುದ್ಧಿ ಚುರುಕಾಗುವುದು ಎಂದು ನಂಬಿದ್ದೆ.

ಆ ದಿನ ಬೋರ್ಡಿನ ಮೇಲೆ ಬರೆದ ವಿಷಯ: ಹತ್ತನೇ ತರಗತಿಯ ನಂತರ ಹೆಣ್ಣುಮಕ್ಕಳನ್ನು ದೂರದ ಊರಿಗೆ ಓದಲು ಕಳಿಸಬೇಕೆ? ಗೋಡೆ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಸೋಮಂದೇಪಲ್ಲಿಯಿಂದ ದಿನವೂ ಬಸ್ಸಿನಲ್ಲಿ ಬರುವ ನೇಕಾರರ ಹುಡುಗಿ. ಕಲ್ಯಾಣದುರ್ಗದ ಆ ಕಾಲೇಜಿಗೆ ಅರ್ಜಿ ಹಾಕಲು ತಯಾರಾಗಿದ್ದವಳು.

"ಮೇಡಂ, ನಾನು ಆ ಕಡೆ ಬರೀತೀನಿ. ಈ ಕಡೇದು ನಂಗೆ ಬ್ಯಾಡ."

"ಬೇಡ ಅನ್ನೋದನ್ನೇ ಬರಿ. ಕೂತ್ಕೊ," ಎಂದೆ. ಅವಳು ಕೂತಳು.

ಅವಳು ಬರೆದದ್ದನ್ನು ಓದಿ ಬೆರಗಾದೆ. ಎರಡು ಬಸ್ಸು ಬದಲಿಸಬೇಕಾದ ಊರಲ್ಲಿ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು ಎಂದು ಕೇಳಿದ್ದಳು. ತಾಯಿಯ ಕಣ್ಣು ಮಂಜಾದ ಮನೆಯಲ್ಲಿ ತುಂಡಾದ ರೇಷ್ಮೆ ಎಳೆಯ ತುದಿ ಹುಡುಕಲು ಮಗಳ ಕಣ್ಣೇ ಬೇಕು ಎಂದಿದ್ದಳು. ಎದುರು ಪಕ್ಷದ ಮಾತುಗಳನ್ನೂ ಮರ್ಯಾದೆಯಿಂದ ಹೇಳಿ ಒಂದೊಂದಾಗಿ ಕೆಡವಿದ್ದಳು. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಪೋಷಕರ ಸಭೆಯ ದಿನ, ನನ್ನ ಪಾಠ ಎಂಥದ್ದೆಂದು ಎಲ್ಲರಿಗೂ ತಿಳಿಯಲಿ ಎಂಬ ಜಂಬದಲ್ಲಿ, ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ಸಾಲಿನ ಪ್ರಕಾರ ಬರೆಸಿದ್ದು ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಅವಳ ಅಪ್ಪ ಕೈಕಟ್ಟಿ ಕೇಳುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಡೆಸ್ಕ್ ನೋಡುತ್ತಿದ್ದಳು.

ಬೇಸಿಗೆಯಲ್ಲಿ ಅವಳಿಗೆ ಸೀಟು ಸಿಕ್ಕಿತು, ಅಪ್ಪ ಕಳಿಸುವುದಿಲ್ಲ ಎಂದರಂತೆ. ಸುದ್ದಿ ತಿಳಿದ ದಿನವೇ ಸೋಮಂದೇಪಲ್ಲಿಗೆ ಹೋದೆ. ಸೇರಲು ಇನ್ನು ಎರಡೇ ದಿನ ಉಳಿದಿತ್ತು. ಅಪ್ಪ ಮಗ್ಗದಿಂದೆದ್ದು ಬಂದು ಕುರ್ಚಿ ಕೊಟ್ಟರು, ಟೀ ತರಿಸಿದರು. ಅಮ್ಮ ಬಾಗಿಲಲ್ಲಿ ನಿಂತರು. ಹುಡುಗಿ ಮೂಲೆಯಲ್ಲಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು.

"ನಾನೇನು ಬಲವಂತ ಮಾಡ್ಲಿಲ್ಲ ಕಣಮ್ಮ," ಅಂದರು ಅಪ್ಪ. "ಅವ್ಳೇ ಬರ್ದವ್ಳೆ. ನೀವೇ ಸಭೇಲಿ ಓದಿ ಫುಲ್ ಮಾರ್ಕ್ಸ್ ಕೊಟ್ರಿ. ಕಳಿಸಾಣ ಅಂತಿದ್ದೆ, ಅದನ್ನ ಕೇಳಿದ್ ಮ್ಯಾಲೆ ಮನಸ್ಸು ಬರ್ಲಿಲ್ಲ."

"ಅದು ಅಭ್ಯಾಸಕ್ಕೆ ಬರೆಸಿದ್ದು. ಅವಳ ಮನಸ್ಸಿನ ಮಾತಲ್ಲ."

"ಅದಿ ಕಾದು ಟೀಚರಮ್ಮ, ಅಂಗಲ್ಲ. ಅವ್ಳ ಅಮ್ಮನ ಕಣ್ಣು ಮಂಜಾಗಿರೋದು ನಿಜ ತಾನೆ? ಸುಳ್ಳಿಗೆ ನೀವು ಮಾರ್ಕ್ಸ್ ಕೊಡ್ತೀರಾ?"

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳುತ್ತಿದ್ದರು. ನಾನು ಒಂದೊಂದಾಗಿ ಕಾರಣ ಹೇಳುತ್ತಾ ಹೋದೆ: ಕಾಲ ಬದಲಾಗಿದೆ, ಹೆಣ್ಣುಮಕ್ಕಳಿಗೆ ಓದು ಆಸರೆ, ಸಮಾಜಕ್ಕೆ ಒಳ್ಳೆಯದು. ಅವರು ತಲೆಯಾಡಿಸಿ ಕೇಳಿದರು. ಕೇಳಿ ಮಗಳ ಕಡೆ ತಿರುಗಿದರು.

"ನೀನೇ ಹೇಳಮ್ಮ. ಹೋಯ್ತೀಯಾ?"

ಅವಳು ಅಮ್ಮನ ಮುಖ ನೋಡಿದಳು. "ಬರ್ದಿದ್ದೇ ಸರಿ ಅಪ್ಪ," ಅಂದಳು.

ನಾನು ಟೀ ಮುಗಿಸಿ ಎದ್ದೆ. ಬಸ್ ನಿಲ್ಲುವ ಜಾಗದ ತನಕ ಹುಡುಗಿ ಜೊತೆಗೆ ಬಂದಳು. ಅವಳೇ ಕೇಳಿದಳು.

"ಮೇಡಂ, ನೀವೆಲ್ಲಿ ಓದಿದ್ದು?"

"ಅನಂತಪುರದಲ್ಲಿ. ನಿನ್ನ ವಯಸ್ಸಿಗೇ ಹಾಸ್ಟೆಲ್ ಸೇರಿದೆ."

"ನಿಮ್ಮನೇಲಿ ಕಳಿಸಿದ್ರಾ?"

"ಅಮ್ಮ ಹಾಸಿಗೆ ಹಿಡಿದಿದ್ದಳು. ಆದ್ರೂ ಹೋಗು ಅಂದಳು."

ಅವಳು ನಿಂತು ನನ್ನ ಕಡೆ ತಿರುಗಿದಳು. "ಅದನ್ನ ನಮ್ಮಪ್ಪನ ಮುಂದೆ ಯಾಕೆ ಹೇಳ್ಲಿಲ್ಲ ಮೇಡಂ?"

ಯಾಕೆಂದರೆ ಸ್ವಂತ ಕಥೆ ವಾದವಾಗುವುದಿಲ್ಲ ಎಂದು ವರ್ಷಗಟ್ಟಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದವಳು ನಾನು. ಆ ಮನೆಯಲ್ಲಿ ಅದು ನೆನಪಿಗೂ ಬಂದಿರಲಿಲ್ಲ. ಆದರೆ ಈಗ ಬಂದಿತ್ತಲ್ಲ. ಮನೆ ಇನ್ನೂ ಕಾಣುತ್ತಿತ್ತು, ಅಪ್ಪ ಮತ್ತೆ ಮಗ್ಗಕ್ಕೆ ಕೂತ ಸದ್ದು ಕೇಳುತ್ತಿತ್ತು. ಒಮ್ಮೆ ಸೋತು ಎದ್ದುಬಂದ ಮನೆಗೆ ಮತ್ತೆ ಹೋಗಿ ನನ್ನ ಕಥೆ ಹೇಳಿಕೊಳ್ಳಲು ನಾಚಿಕೆಯಾಯಿತು. ಹಿಂದೂಪುರದ ಬಸ್ಸು ಬಂತು, ಹತ್ತಿದೆ.