ನ್ಯಾಪ್ಕಿನ್ನಿನ ಕೆಳಗೆ ಕೊಂಡ ವೈನು

ಹೋದ ತಿಂಗಳು ನಾನು ವೈನಿನ ಜಡ್ಜ್ ಆಗಿದ್ದೆ. ಗಾಬರಿಯಾಗಬೇಡಿ, ಕುಡಿದಿಲ್ಲ. ಜೈನರ ಮನೆಯಲ್ಲಿ ಹುಟ್ಟಿ, ಜೇನುತುಪ್ಪವನ್ನೂ ನಾಲಿಗೆಗೆ ಸೋಕಿಸದೆ ತಲೆ ನರೆತವನು ನಾನು. ಅದಕ್ಕೇ ನನ್ನನ್ನು ಕರೆದದ್ದು!

ಕರೆದವರು ಬಾಬಾಸಾಹೇಬ ಇನಾಮದಾರರು. ಯುದ್ಧ ಶುರುವಾದ ಮೇಲೆ ಕೊಲ್ಲಾಪುರದಲ್ಲಿ ಮಿಲಿಟರಿ ಸಾಹೇಬರ ಓಡಾಟ ಹೆಚ್ಚಿದೆಯಲ್ಲ, ಅವರಿಗಾಗಿ ಭಾರಿ ಹೋಟೆಲೊಂದನ್ನು ತೆರೆಯುವವರಿದ್ದರು. ಅಲ್ಲಿನ ವಿಶೇಷ ‘ಸ್ಟೇಕ್’ ಅಂತೆ. ಯಾವ ಪ್ರಾಣಿಯದು ಎಂದು ನಾನು ಕೇಳಲಿಲ್ಲ. (ಕೆಲವು ಪ್ರಶ್ನೆ ಕೇಳದಿರುವುದೂ ಅಹಿಂಸೆಯೇ.)

“ಅಣ್ಣಾರ, ಕುಡಿಯಾವ್ರನ್ನ ಜಡ್ಜ್ ಮಾಡಿದ್ರ ಬಾಟ್ಲಿ ಖಾಲಿ ಆಗತಾವ, ತೀರ್ಪು ಬರೂದಿಲ್ಲ. ನಿಮ್ಮಂಥವ್ರು ಬೇಕ್ರಿ” ಎಂದರು.

ತಪ್ಪೇನು? ಕುಸ್ತಿಯಲ್ಲಿ ಬಹುಮಾನ ಹಂಚುವ ದೊಡ್ಡವರು ಎಂದಾದರೂ ಮೈಗೆ ಮಣ್ಣು ಹಚ್ಚಿಕೊಂಡದ್ದುಂಟೇ? ಹೋಳಿಗೆಯಲ್ಲಿ ಕೊಂಕು ತೆಗೆಯುವ ಗಂಡಸರು ಒಲೆ ಊದಿದ್ದುಂಟೇ? ಮೇಲಾಗಿ ಬಿದ್ರಿ ಕಡೆಯ ಇನಾಮದಾರರ ಹೊಲದ ಬೆಲ್ಲ ಅವರ ತಂದೆಯ ಕಾಲದಿಂದಲೂ ದಲ್ಲಾಳಿ ವ್ಯಾಪಾರದ ನಮ್ಮ ಅಡತಿ ಅಂಗಡಿಗೇ ಬರುತ್ತದೆ. ಒಪ್ಪಿದೆ.

ಹೋದೆ. ಉದ್ದನೆಯ ಟೇಬಲ್ ಮೇಲೆ ಬಾಟಲಿಗಳ ಸಾಲು. ಪಕ್ಕದಲ್ಲಿ ಕೈಕಟ್ಟಿ ನಿಂತ ಮ್ಯಾನೇಜರ್ ಪಿಂಟೋ. ಗೋವೆಯಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ ಮನುಷ್ಯ. ವೈನು ಆರಿಸಿ ತಂದವನೂ ಅವನೇ. ಇನಾಮದಾರರು ಬಾಗಿಲಲ್ಲೇ ನನ್ನ ಕಿವಿಯಲ್ಲಿ ಹೇಳಿದ್ದರು: “ಮಾಲು ಖೋಟಾ ಇತ್ತಂದ್ರ ನಾಳೆನ ಅವನ ಗಂಟುಮೂಟಿ ಕಟ್ಟಸ್ತೇನಿ.” ಅಂದರೆ ಒಂದು ಸಂಸಾರದ ಅನ್ನ ನನ್ನ ಮೂಗಿನ ತುದಿಗೆ ಬಂದು ಕೂತಿತ್ತು!

ನನಗೆ ಗೊತ್ತಿರುವುದು ಬೆಲ್ಲ ಒಂದೇ. ಬೆಲ್ಲ ಪರೀಕ್ಷಿಸುವ ಹಾಗೆಯೇ ಮಾಡಿದೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡಿದೆ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟೆ. ಅಂಗೈಗೆ ಹನಿ ಹಾಕಿಸಿಕೊಂಡು ತಿಕ್ಕಿದೆ, ಬೆಲ್ಲದಂತೆ ಕೈಗೆ ಕಣ ಹತ್ತಲಿಲ್ಲ. ಕಾರ್ಕ್ ಮೂಸಿದರೆ ಎಲ್ಲದಕ್ಕೂ ಒಂದೇ ವಾಸನೆ, ಹುಳಿ ಬಂದ ಕಬ್ಬಿನ ಹಾಲಿನದು. ನಮ್ಮ ಅಂಗಡಿಗೆ ಬಂದಿದ್ದರೆ ಗಾಡಿ ಸಮೇತ ಹಿಂದಕ್ಕೆ ಅಟ್ಟುತ್ತಿದ್ದೆ.

“ಶೇಟಜಿ, ಕಾಹೀತರೀ ಬೋಲಾ ನಾ!” ಎಂದ ಪಿಂಟೋ. ಏನಾದರೂ ಹೇಳಿ ಎಂದು ಅವನು ಗೋಗರೆಯುತ್ತಿದ್ದ. ನನಗೆ ಅಯ್ಯೋ ಎನಿಸಿತು.

“ಅವನ ಮುಂದ ಬಾಯಿಲೆ ಬ್ಯಾಡ್ರಿ, ಕೈಲೆ ಹೇಳ್ರಿ” ಎಂದು ಇನಾಮದಾರರು ಇಚಲಕರಂಜಿ ಮಗ್ಗದ ದಪ್ಪ ನ್ಯಾಪ್ಕಿನ್ನನ್ನು ನಮ್ಮಿಬ್ಬರ ಕೈಮೇಲೆ ಹರವಿದರು.

ಬೆಲ್ಲದ ಪೇಟೆ ಕಂಡವರಿಗೆ ಇದು ಗೊತ್ತು. ನಮ್ಮಲ್ಲಿ ದರ ಕೂಗುವುದಿಲ್ಲ. ವಸ್ತ್ರದ ಕೆಳಗೆ ಬೆರಳು ಒತ್ತಿ ವ್ಯವಹಾರ. ನಾನು ಪಿಂಟೋನ ಮುಖ ನೋಡಿದೆ. ಎಲ್ಲವೂ ಉತ್ತಮ ಎಂದು ಸಾರುವ ಉತ್ಸಾಹದಲ್ಲಿ ಇನಾಮದಾರರ ಇಡೀ ಮುಷ್ಟಿಯನ್ನೇ ಗಟ್ಟಿಯಾಗಿ ಅಮುಕಿಬಿಟ್ಟೆ.

ಇನಾಮದಾರರು ಫಕ್ಕನೆ ನ್ಯಾಪ್ಕಿನ್ ಎತ್ತಿ, “ಝಾಲಾ, ಸೌದಾ ಆತು! ಮಾಲು ಅಣ್ಣಾರದು!” ಎಂದು ಕೂಗಿದರು.

ನನಗೆ ಆಗ ನೆನಪಾಯಿತು. ಪೇಟೆಯಲ್ಲಿ ಇಡೀ ಮುಷ್ಟಿ ಹಿಡಿದರೆ ‘ಪೂರ್ತಿ ಮಾಲು ನನಗೆ’ ಎಂದರ್ಥ! ತಮಾಷೆ ಎಂದು ಇನಾಮದಾರರು ನಗುತ್ತಾರೆಂದು ಕಾದೆ. ನಗಲಿಲ್ಲ. “ಮುಷ್ಟಿ ಹಿಡದ ಮ್ಯಾಲ ಮುಗೀತ್ರಿ ಅಣ್ಣಾರ. ನಮ್ಮ ಅಪ್ಪಾರು ಎಂದೂ ಹಿಂದ ಸರದಿಲ್ಲ. ನೀವೂ ಸರದಿಲ್ಲ.”

ನಿಜ. ಒಮ್ಮೆ ಹಿಂದೆ ಸರಿದವನ ವಸ್ತ್ರದೊಳಗೆ ಮರುದಿನ ಯಾರೂ ಕೈ ಇಡುವುದಿಲ್ಲ. ಅಡತಿಯವನಿಗೆ ಆ ಹೆಸರೊಂದೇ ಆಸ್ತಿ. ಆದರೆ ಇತ್ತ ಧರ್ಮ? ಕುಡಿದರೆ ಪಾಪ. ಮಾರಿದರೆ ಪಾಪ. ದಾನ ಕೊಟ್ಟರೆ ಕುಡಿಸಿದ ಪಾಪ. ಹೋಗಲಿ, ಚೆಲ್ಲಿಬಿಡೋಣವೆಂದರೆ ಅದರೊಳಗಿನ ಅಸಂಖ್ಯ ಜೀವಗಳನ್ನು ಕೊಂದ ಮಹಾಪಾಪ! ಅತ್ತ ವೈನಿಲ್ಲದ ಹೋಟೆಲಿನಲ್ಲಿ ತನಗೇನು ಕೆಲಸ ಎಂದು ಪಿಂಟೋ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದ. ಉಪಕಾರ ಮಾಡಲು ಹೋಗಿ ಅವನ ಹೊಟ್ಟೆಗೆ ನಾನೇ ಕಲ್ಲು ಹಾಕಿದ್ದೆ.

ಆಗ ಕೈ ಹಿಡಿದದ್ದೂ ಬೆಲ್ಲವೇ. ಕೊಂಡ ಮಾಲನ್ನು ಎತ್ತುವ ತನಕ ದುಡ್ಡು ಕೊಡಬೇಕಿಲ್ಲ, ಮಾಲೂ ಮಾರಿದವನ ಗೋಡೌನಿನಲ್ಲೇ ಇರಬಹುದು. ಮಳೆಗಾಲದಲ್ಲಿ ಬೆಲ್ಲ ಬೆವರಿ ಕರಗುತ್ತದಲ್ಲ, ಆ ತೂಕದ ಇಳಿತಕ್ಕೆ ನಾವು ‘ಘಟ್’ ಎನ್ನುತ್ತೇವೆ. ಘಟ್ ಯಾರ ತಪ್ಪೂ ಅಲ್ಲ. ಪೇಟೆಯಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

“ಬಾಬಾಸಾಹೇಬ, ಮಾಲು ನಿಮ್ಮಲ್ಲೇ ಇರ್ಲಿ. ನಾ ಗಾಡಿ ಕಳಸೂತನಾ ಕಾಯಾಕ ಪಿಂಟೋ ಇರ್ಲಿ. ಘಟ್ ಬಂದ್ರ ನಾ ಕೇಳೂದಿಲ್ಲ” ಎಂದೆ.

ಇನಾಮದಾರರು ಮೀಸೆಯಲ್ಲೇ ನಕ್ಕರು. “ಸಾಹೇಬ ಮಂದಿ ಬಂದ್ರಂದ್ರ ದಿನಾ ಸಂಜೀಕ ಘಟ್ ಬರತೈತ್ರಿ.”

“ಬರ್ಲಿ. ಹವಾ ಹಂಗೈತಿ.”

ಹೋಟೆಲು ತೆರೆಯಿತು. ನಾನು ಇವತ್ತಿಗೂ ಗಾಡಿ ಕಳಿಸಿಲ್ಲ. ನಿನ್ನೆ ಪಿಂಟೋ ಪೇಡೆ ಹಿಡಿದು ಮನೆಗೇ ಬಂದಿದ್ದ. ಕೆಲಸ ಕಾಯಂ ಆಯಿತಂತೆ. ಮಾಲು ಪೂರ್ತಿ ಘಟ್ ಆಗಿ, ಹೊಸದನ್ನು ತರಿಸಿದ್ದಾರಂತೆ. ಮತ್ತೆ ಜಡ್ಜ್ ಆಗಿ ಬರಬೇಕಂತೆ.

ಅವನನ್ನು ಕಳಿಸಿ ಒಳಗೆ ಬಂದೆ. ನಮ್ಮ ಮನೆಯವಳು ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಕುಡಿದಿಲ್ಲ, ಮಾರಿಲ್ಲ, ಕುಡಿಸಿಲ್ಲ, ಚೆಲ್ಲಿಯೂ ಇಲ್ಲ ಎಂದು ಸಾವಧಾನವಾಗಿ ವಿವರಿಸಿದೆ. ಇನಾಮದಾರರೂ ಮಾರಿಲ್ಲ, ಯಾಕೆಂದರೆ ಮಾಲು ಅವರದಲ್ಲ. ಪಿಂಟೋ ಬರೀ ಕಾವಲುಗಾರ. ಎಲ್ಲರ ಧರ್ಮವೂ ಉಳಿಯಿತು.

ಅವಳು ಮೊರದಿಂದ ತಲೆಯೆತ್ತದೆ ಕೇಳಿದಳು: “ಇಷ್ಟೆಲ್ಲಾ ಮಂದಿ ಸೇರಿ ಏನೂ ಮಾಡಿಲ್ಲಂದ್ರ, ಬಾಟ್ಲಿ ಹೆಂಗ ಖಾಲಿ ಆದುವ್ರಿ?”